ಹೊಗಳಿ ಕಳೆದುಕೊಂಡ ಜವರಪ್ಪ

ಭಾನುವಾರ, ಆಷಾಢ ಶುದ್ಧ ಬಿದಿಗೆ, ಬೆಳಿಗ್ಗೆ ಏಳೂಕಾಲು ಗಂಟೆ. ಸ್ಥಳ, ಹುಣಸೂರಿನಲ್ಲಿ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಪಾರ್ವತಮ್ಮ ಮತ್ತು ಒಂದು ತಗಡಿನ ಟ್ರಂಕು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಿಗೆಲ್ಲ ಹಿರಿಯನಾದ ಶಿರಸ್ತೇದಾರನಾಗಿ ಆಯುಸ್ಸು ಸವೆಸಿದವನು ನಾನು. ಹೀಗಲ್ಲದೆ ಬೇರೆ ರೀತಿಯಲ್ಲಿ ಬರವಣಿಗೆ ಶುರು ಮಾಡಿದರೆ ಮುಂದಿನ ಸಾಲು ಹೊಳೆಯುವುದಿಲ್ಲ. ಕ್ಷಮಿಸಬೇಕು.

ಆಷಾಢದ ಮೊದಲ ಭಾನುವಾರ ಟ್ರಂಕು ತೆಗೆಯುವುದು ನಮ್ಮ ಮನೆಯ ಪದ್ಧತಿ. ಮಳೆ ಹಿಡಿಯುವ ಮೊದಲು ಒಳಗಿರುವುದನ್ನೆಲ್ಲ ಹೊರಗೆ ಹಾಕಿ, ಕೊಡವಿ, ನುಸಿಗುಳಿಗೆ ಬದಲಾಯಿಸಿ, ಇದ್ದ ಜಾಗದಲ್ಲೇ ಇಡಬೇಕು. ಮೊದಲು ಜರಿಯ ಪೇಟ, ಅದರ ಕೆಳಗೆ ಕರಿಯ ಕೋಟು, ಕೋಟಿನ ಎಡಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಒಂದು ಹಳದಿ ಉಣ್ಣೆಯ ಚೆಂಡು. ದೊಡ್ಡ ನಿಂಬೆಹಣ್ಣಿನ ಗಾತ್ರ. ಪ್ರತಿ ವರ್ಷವೂ ಅದನ್ನು ತೆಗೆದು ಮೂಸಿ ನೋಡಿ ಮತ್ತೆ ಅಲ್ಲೇ ಇಡುತ್ತೇನೆ. ಈ ವರ್ಷ ಪಾರ್ವತಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಇದು ಅಪ್ಪಟ ಉಣ್ಣೆ ಅಲ್ಲವೇ?" ಎಂದಳು.

"ಹೌದು."

"ಯುದ್ಧ ಶುರುವಾದಾಗಿನಿಂದ ಅಂಗಡಿಯಲ್ಲಿ ಒಂದೆಳೆ ಉಣ್ಣೆ ಸಿಕ್ಕಿಲ್ಲ. ನಿಮ್ಮ ಕಿವಿಟೋಪಿಯ ಎಡಗಿವಿಯನ್ನು ನುಸಿ ಪೂರ್ತಿ ತಿಂದಿದೆ. ಹದಿನೈದು ವರ್ಷ ಕೋಟಿನ ಜೇಬಿನಲ್ಲಿ ಮಲಗಿದ್ದು ಸಾಕು. ಇನ್ನು ಮೇಲೆ ನಿಮ್ಮ ಕಿವಿಗಾದರೂ ಆಗಲಿ."

"ಸ್ನಾನ ಮಾಡಿ ಬಂದು ಯೋಚಿಸಿ ಹೇಳುತ್ತೇನೆ," ಎಂದೆ. ಎಂಟು ಗಂಟೆಗೆ ಸ್ನಾನ. ಅದು ನನಗೆ ತಂದೆಯವರು ಹಾಕಿದ ನಿಯಮ. ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಆದರೂ ತಂದೆಯವರು ಎದುರುಮನೆಯ ಮಾಡಿನ ನೆರಳು ನೋಡಿ ಗಂಟೆ ಹೇಳುತ್ತಿದ್ದರು. ಮೋಡ ಕವಿದ ದಿನವೂ ಹೇಳುತ್ತಿದ್ದರು. ತಪ್ಪೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬಚ್ಚಲಲ್ಲಿ ತಲೆಯ ಮೇಲೆ ನೀರು ಹುಯ್ದುಕೊಳ್ಳುವಾಗ ಜವರಪ್ಪ ನೆನಪಾದ. ಅಲ್ಲಿಂದ ಮುಂದೆ ಎಷ್ಟು ತಂಬಿಗೆ ಹುಯ್ದೆನೋ ಎಣಿಕೆ ತಪ್ಪಿತು.

ಚೆಂಡಾಟವೆಂದರೆ ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ಆಗಿನ ಕಾಲದಲ್ಲಿ ತಾಲ್ಲೂಕು ಕಚೇರಿಗಳ ಹಿಂದೆಲ್ಲ ಸಂಜೆ ಐದೂವರೆಗೆ ಬ್ಯಾಡ್ಮಿಂಟನ್ ನಡೆಯುತ್ತಿತ್ತು. ನಡುವೆ ಬಲೆ, ಆ ಕಡೆ ಐದು ಜನ, ಈ ಕಡೆ ಐದು ಜನ, ಉಣ್ಣೆಯ ಹಳದಿ ಚೆಂಡು, ನರದ ದಾರ ಬಿಗಿದ ಬ್ಯಾಟು. ಪಂಚೆಯನ್ನು ಮೇಲೆ ಕಟ್ಟಿ, ಪೇಟವನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ, ಬೆಳಗ್ಗೆಯಿಂದ ಒಬ್ಬರನ್ನೊಬ್ಬರು 'ತಾವು' ಎನ್ನುತ್ತಿದ್ದವರು 'ಬುಡ್ಲಾ, ಬುಡ್ಲಾ, ನಂದು!' ಎಂದು ಕೂಗುವ ಹೊತ್ತು ಅದು. ದಸರಾ ಕಳೆದು ನೆಲ ಒಣಗಿದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಈ ನಾಲ್ಕು ಕಚೇರಿಗಳಿಗೆ ಪಂದ್ಯ. ಎಡತೊರೆ ಎಂಬ ಹಳೆಯ ಹೆಸರು ಬಿಟ್ಟು ಕೃಷ್ಣರಾಜನಗರ ಎನ್ನುವುದು ಆಗಷ್ಟೇ ನಾಲಗೆಗೆ ಹೊಂದುತ್ತಿತ್ತು. ಗೆದ್ದವರಿಗೆ ಒಂದು ಹಿತ್ತಾಳೆಯ ಕೂಜಾ. ಆ ವರ್ಷವೆಲ್ಲ ಗೆದ್ದ ಕಚೇರಿಯವರು ಅದರಲ್ಲೇ ನೀರು ಕುಡಿಯಬೇಕು. ಸೋತ ಮೂರು ಕಚೇರಿಗಳಲ್ಲಿ ಮಡಕೆಯ ನೀರು. ಅಷ್ಟೇ ಬಹುಮಾನ. ಆದರೆ ಬೇರೆ ತಾಲ್ಲೂಕಿನ ಗುಮಾಸ್ತನೊಬ್ಬ ಕೆಲಸದ ಮೇಲೆ ಬಂದು ನಮ್ಮ ಕೂಜಾದಿಂದ ನೀರು ಬಗ್ಗಿಸಿಕೊಂಡು ಕುಡಿಯುವಾಗ ಅವನ ಮುಖ ನೋಡುವ ಸುಖವಿದೆಯಲ್ಲ, ಅದಕ್ಕೆ ಸಮನಾದದ್ದನ್ನು ನಾನು ಬಡ್ತಿಯಲ್ಲೂ ಕಂಡಿಲ್ಲ.

ನಾನು ಆಡುತ್ತಿದ್ದೆ ಎಂದು ತಿಳಿಯಬೇಡಿ. ಚಿಕ್ಕಂದಿನಲ್ಲಿ ಚಿನ್ನಿದಾಂಡಿಗೆ ಪಂಗಡ ಮಾಡುವಾಗ ಇಬ್ಬಿಬ್ಬರು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು 'ಹುಲಿ ಬೇಕೋ ಸಿಂಹ ಬೇಕೋ' ಎಂದು ನಾಯಕರನ್ನು ಕೇಳುತ್ತಿದ್ದರು. ನನಗೆ ಜೊತೆಯಾಗಲು ಯಾರೂ ಬರುತ್ತಿರಲಿಲ್ಲ. ಕೊನೆಗೆ ಉಳಿದ ನನ್ನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಎರಡೂ ಕಡೆಗೆ ಸೇರಿಸುತ್ತಿದ್ದರು. ಎರಡೂ ಕಡೆಯವರು ನನ್ನನ್ನು ಬೈಯುತ್ತಿದ್ದರು. ಅಂಥವನಿಗೆ ದೇವರು ಒಂದು ಕೆಲಸ ಇಟ್ಟೇ ಇಟ್ಟಿರುತ್ತಾನೆ. ಹುಣಸೂರಿನಲ್ಲಿ ಸುಣ್ಣದ ಗೆರೆ ಎಳೆಯುವವನು ನಾನು, ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳುವವನೂ ನಾನೇ.

ತಾಲ್ಲೂಕಿನ ಮುಖ್ಯಾಧಿಕಾರಿಯಾದ ನಮ್ಮ ಅಮಲ್ದಾರರು ತಂಡದ ಹಿಂದಿನ ಸಾಲಿನ ಎಡಮೂಲೆಯಲ್ಲಿ ಕಾಯಂ. ಯಾರೂ ಅವರನ್ನು ಆರಿಸಿದವರಲ್ಲ. ತಾಲ್ಲೂಕಿಗೆ ಅಮಲ್ದಾರರನ್ನು ಯಾರು ಆರಿಸುತ್ತಾರೆ? ಹಾಗೇ ಇದೂ. ಚೆಂಡು ಅವರ ಕಾಲಬಳಿ ಬಿದ್ದಾಗಲೆಲ್ಲ ನನ್ನ ಕಡೆ ತಿರುಗಿ, "ಹೊರಗೆ ಅಲ್ಲವೇ, ಶಿರಸ್ತೇದಾರ್ರೇ?" ಎನ್ನುತ್ತಿದ್ದರು.

"ಒಳಗೆ, ಸ್ವಾಮಿ," ಎನ್ನುತ್ತಿದ್ದೆ.

ನನ್ನ ಸಂಬಳದ ಏರಿಕೆ ಎರಡು ವರ್ಷ ತಡವಾದದ್ದಕ್ಕೆ ಪಾರ್ವತಮ್ಮ ಈಗಲೂ ಆ ಎಡಮೂಲೆಯನ್ನು ತೋರಿಸುತ್ತಾಳೆ.

ಇಂಥ ತಂಡ ಸತತವಾಗಿ ಕೂಜಾ ಗೆಲ್ಲುತ್ತಿದ್ದುದಕ್ಕೆ ಕಾರಣ ಒಬ್ಬನೇ, ಬಲೆಯ ಬಳಿ ನಿಲ್ಲುತ್ತಿದ್ದ ಜವರಪ್ಪ. ಕಂಪಲಾಪುರದ ಕಡೆಯ ರೈತರ ಮನೆಯವನು. ಅವರ ಮನೆಯಲ್ಲಿ ಮೊದಲು ಓದಿ ಕೆಲಸಕ್ಕೆ ಸೇರಿದವನು. ಎಡಗೈ ಆಟ. ಚೆಂಡು ಬಲೆ ದಾಟುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಇವನು ತೀರ್ಮಾನಿಸಿರುತ್ತಿದ್ದ. ಕಚೇರಿಯ ಜವಾನ ಮುದ್ದಯ್ಯನಂತೂ ಅವನ ಭಕ್ತ. "ನಮ್ ಜವರಪ್ಪೋರು ಎಡಗೈ ಎತ್ತಿದ್ರು ಅಂದ್ರೆ, ಎದುರುಗಡೆಯೋರು ಮಡಕೆ ತೊಳ್ದು ಮಡಗ್ಬೋದು ಕಣ್ರೀ," ಎನ್ನುತ್ತಿದ್ದ.

ಇನ್ನು ಕಚೇರಿಯಲ್ಲಿ ಜವರಪ್ಪನ ಕೆಲಸ ದಫ್ತರದ ಕೊಠಡಿಯಲ್ಲಿ, ಹಳೆಯ ಕಡತಗಳನ್ನು ನೋಡಿಕೊಳ್ಳುವುದು. ಅದನ್ನು ಹೇಳದಿದ್ದರೆ ಒಳ್ಳೆಯದಿತ್ತು. ಕೆರೆಯ ಕಡತ ಕೇಳಿದರೆ ಗೋಮಾಳದ ಕಡತ ತರುತ್ತಿದ್ದ. ಗೋಮಾಳದ್ದು ಕೇಳಿದರೆ ನಗುತ್ತಿದ್ದ. ಒಮ್ಮೆ ಶಾಶ್ವತವಾಗಿ ಕಾಪಾಡತಕ್ಕದ್ದು ಎಂದು ಬರೆದಿದ್ದ ಕೆಂಪು ಬಟ್ಟೆಯ ಗಂಟು ಬಿಚ್ಚಿದೆ. ಒಳಗೆ ಏಳು ಹಳದಿ ಚೆಂಡು. "ಇಲಿ ಕಾಟ ಸ್ವಾಮಿ, ಆ ಗಂಟು ಬಿಟ್ರೆ ಭದ್ರವಾದ ಜಾಗ ಇಲ್ಲ," ಎಂದ. ಒಳಗಿದ್ದ ಕಾಗದಗಳು ಎಲ್ಲಿ ಎಂದರೆ ಕಿಟಕಿಯ ಮೇಲೆ ತೋರಿಸಿದ. ಬೇರೆ ಯಾರಾದರೂ ಆಗಿದ್ದರೆ ನಾನು ಮೇಲಿನವರಿಗೆ ವರದಿ ಮಾಡುತ್ತಿದ್ದೆ. ಅವತ್ತು ಸಂಜೆ ಪಿರಿಯಾಪಟ್ಟಣದವರ ಮೇಲೆ ಆಟವಿತ್ತು. ಗಂಟು ಕಟ್ಟಿ ಸುಮ್ಮನಾದೆ.

ಆಟದ ಕಾಲಕ್ಕಿಂತ ಆಟವಿಲ್ಲದ ಕಾಲವೇ ಅಭಿಮಾನಿಗೆ ಹೆಚ್ಚು ಕಷ್ಟ. ಆಷಾಢ, ಶ್ರಾವಣ, ಭಾದ್ರಪದ. ಅಂಕಣದಲ್ಲಿ ನೀರು ನಿಂತು ಕಪ್ಪೆ ಕೂಗುತ್ತವೆ. ಬ್ಯಾಟುಗಳು ಒಲೆಯ ಮೇಲಿನ ಅಟ್ಟ ಸೇರುತ್ತವೆ. ವರ್ಗಾವಣೆಯ ಹುಕುಂಗಳು ಬರುವುದೂ ಸರಿಯಾಗಿ ಆ ಕಾಲದಲ್ಲೇ. ಎಲ್ಲರೂ ಟಪ್ಪಾಲಿನ ಚೀಲ ನೋಡಿ ತಮ್ಮ ಹೆಂಡತಿ ಮಕ್ಕಳ ಕಥೆಯೇನೆಂದು ಹೆದರಿದರೆ, ನಾನು ಮತ್ತು ಮುದ್ದಯ್ಯ ನಮ್ಮ ಮುಂದಿನ ಸಾಲಿನ ಕಥೆಯೇನೆಂದು ಹೆದರುತ್ತಿದ್ದೆವು. ಹೆಂಚಿನಿಂದ ನೀರು ತೊಟ್ಟಿಕ್ಕುವ ಕಚೇರಿ ಜಗಲಿಯಲ್ಲಿ ಆ ಮೂರು ತಿಂಗಳು ಇದೇ ಮಾತು.

"ಯಡತೊರೆಯೋರು ಒಬ್ಬ ಉದ್ದನೆಯೋನ್ನ ತರುಸ್ಕತಾವ್ರಂತೆ ಸ್ವಾಮಿ. ಕೈ ಎತ್ತಿದ್ರೆ ಮಾಡಿನ ಹೆಂಚು ತಗೀತಾನಂತೆ."

"ಬದಲಿಗೆ ಯಾರನ್ನು ಕೊಟ್ಟರಂತೆ?"

"ಇಬ್ರು ಗುಮಾಸ್ತರ್ನ. ಇಬ್ರೂ ಕುಳ್ಳರು."

"ಹಾಗಾದರೆ ಲುಕ್ಸಾನೇನಿಲ್ಲ," ಎಂದು ನಾನು ತೀರ್ಪು ಕೊಡುತ್ತಿದ್ದೆ. ಬದಲಿ ಇಲ್ಲದೆ ಯಾರನ್ನೂ ಬಿಡಬಾರದು ಎಂಬುದು ನನ್ನ ಸಿದ್ಧಾಂತ. ಅದನ್ನು ಜವರಪ್ಪನ ಮುಂದೆಯೂ ಎಷ್ಟೋ ಸಲ ಹೇಳಿದ್ದೆ.

ಒಂದು ಶ್ರಾವಣದಲ್ಲಿ ಆ ಉದ್ದನೆಯವನ ಮೇಲೆ ಇನ್ನೊಬ್ಬ ಬೇಕೆಂದು ಕೃಷ್ಣರಾಜನಗರದವರಿಗೆ ಆಸೆಯಾಯಿತು. ನಮ್ಮ ಜವರಪ್ಪನನ್ನು ತಮ್ಮ ಕಚೇರಿಗೆ ಕೊಡಿಸಬೇಕೆಂದು ಅವರು ಮೈಸೂರಿನ ಜಿಲ್ಲಾ ಕಚೇರಿಗೆ ಬರೆದರು. ಅಲ್ಲಿಂದ ನಮಗೆ ಕಾಗದ ಬಂತು, ಸದರಿ ಗುಮಾಸ್ತನ ಕೆಲಸದ ಬಗ್ಗೆ ಅಭಿಪ್ರಾಯ ಕಳಿಸತಕ್ಕದ್ದು ಎಂದು. ಅಮಲ್ದಾರರು ಅದನ್ನು ನನ್ನ ಮೇಜಿಗೆ ಹಾಕಿ, "ಅವನನ್ನು ಬಿಡೋ ಹಾಗಿಲ್ಲ. ಇಲ್ಲಿ ಅವನಿಲ್ಲದೆ ನಡೆಯೋಲ್ಲ ಅಂತ ಘಟ್ಟಿಯಾಗಿ ಬರೀರಿ," ಎಂದು ಊಟಕ್ಕೆ ಹೋದರು.

ಘಟ್ಟಿಯಾಗಿ ಬರೆಯುವುದು ಹೇಗೆ? ನನ್ನ ಕೈಯಿಂದ ಅಲ್ಲಿಯವರೆಗೆ ಒಂದೂ ಸುಳ್ಳು ವರದಿ ಹೋಗಿರಲಿಲ್ಲ. ಜವರಪ್ಪನ ಕೆಲಸವನ್ನು ಹೊಗಳಲು ಕುಳಿತರೆ ಮಸಿಯೇ ಇಳಿಯಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಒಂದು ಉಪಾಯ ಹೊಳೆಯಿತು. ಮೊದಲು ಅವನ ಆಟವನ್ನು ಬರೆಯುವುದು. ಅದರಲ್ಲಿ ಸುಳ್ಳಿನ ಅಗತ್ಯವೇ ಇಲ್ಲ. ಆಮೇಲೆ ಅಲ್ಲಲ್ಲಿ ಒಂದೊಂದು ಮಾತು ಹೊಡೆದು ತಿದ್ದುವುದು.

ಬರೆದೆ. 'ಎಂಥ ಕಷ್ಟದ ಚೆಂಡು ಬಂದರೂ ನೆಲಕ್ಕೆ ಬೀಳಗೊಡುವುದಿಲ್ಲ.' 'ಚೆಂಡು' ಹೊಡೆದು 'ಕಾಗದ' ಎಂದು, 'ನೆಲಕ್ಕೆ' ಹೊಡೆದು 'ಬಾಕಿ' ಎಂದು ತಿದ್ದಿದೆ. 'ಬಲೆಯ ಬಳಿ ಇವನಿದ್ದರೆ ಹಿಂದಿನವರು ನಿಶ್ಚಿಂತರು' ಎಂಬುದು 'ದಫ್ತರದ ಬಳಿ ಇವನಿದ್ದರೆ ಮೇಲಿನವರು ನಿಶ್ಚಿಂತರು' ಎಂದಾಯಿತು. 'ಎದುರಾಳಿಯ ಭುಜ ನೋಡಿಯೇ ಅವನ ಉದ್ದೇಶ ತಿಳಿಯುತ್ತಾನೆ' ಎನ್ನುವಲ್ಲಿ ಎದುರಾಳಿ ಹೋಗಿ ಅರ್ಜಿದಾರ ಬಂದ. 'ಕತ್ತಲಾದರೂ ಕಚೇರಿಯ ಆವರಣ ಬಿಟ್ಟು ಹೋಗುವುದಿಲ್ಲ' ಎಂಬ ವಾಕ್ಯವನ್ನು ತಿದ್ದಬೇಕಾಗಲೇ ಇಲ್ಲ. ಅಂಕಣ ಇದ್ದುದೇ ಆವರಣದಲ್ಲಿ.

ಶುದ್ಧ ಪ್ರತಿ ಮಾಡಿಸಿದೆ. ಅಮಲ್ದಾರರು ಓದದೆ ರುಜು ಹಾಕಿದರು. ಕರಡನ್ನು ಪದ್ಧತಿಯಂತೆ ನನ್ನ ಪೆಟ್ಟಿಗೆಯಲ್ಲಿಟ್ಟೆ. ಅವತ್ತು ರಾತ್ರಿಯ ಊಟದಲ್ಲಿ ಎರಡನೇ ಸಲ ಸಾರು ಕೇಳಿದೆನೆಂದು ಪಾರ್ವತಮ್ಮ ಹೇಳುತ್ತಾಳೆ. ನನಗೆ ಅಷ್ಟು ಸಂತೋಷ.

ಹದಿನೈದನೆಯ ದಿನ ಟಪ್ಪಾಲು ಬಂತು. ಇಂಥ ದಕ್ಷನಾದ ನೌಕರನು ಮೊದಲೇ ಸುವ್ಯವಸ್ಥಿತವಾದ ಹುಣಸೂರಿನಲ್ಲಿ ವ್ಯರ್ಥನಾಗುತ್ತಿರುವುದು ವಿಷಾದಕರ. ಅವನು ಕೃಷ್ಣರಾಜನಗರಕ್ಕೂ ಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ದಫ್ತರ ಬಹಳ ಕಾಲದಿಂದ ಗೆದ್ದಲ ಪಾಲಾಗಿದೆ. ಆದ್ದರಿಂದ ಜವರಪ್ಪನು ಕೂಡಲೇ ಅಲ್ಲಿಗೆ ಹೋಗತಕ್ಕದ್ದು.

ಕೋಟೆ ಎಂದರೆ ಆಗ ಈಗಿನಂತಲ್ಲ. ಕಾಡು, ಆನೆ, ಚಳಿಜ್ವರ. ಯಾರನ್ನಾದರೂ ಕೋಟೆಗೆ ಹಾಕಿದರೆಂದರೆ ಅವರ ಮನೆಯಲ್ಲಿ ಅವತ್ತು ಒಲೆ ಹೊತ್ತಿಸುತ್ತಿರಲಿಲ್ಲ. ಜವರಪ್ಪನ ಹೆಂಡತಿ ಚೊಚ್ಚಲ ಬಸುರಿ. ಅದು ನನಗೆ ಗೊತ್ತಿತ್ತು. ಹುಕುಂ ಕೈಯಲ್ಲಿ ಹಿಡಿದು ನಾನು ನಿಂತೇ ಇದ್ದೆ. ಅಷ್ಟರಲ್ಲಿ ಅಮಲ್ದಾರರು ಬಂದು ನನ್ನ ಬೆನ್ನು ತಟ್ಟಿದರು.

"ಭಾರಿ ಜಾಣರು ಕಣ್ರೀ ನೀವು! ಕೈಲಾಗದವನನ್ನು ಸಾಗಹಾಕೋದಕ್ಕೆ ಹೊಗಳಿಕೆಗಿಂತ ಒಳ್ಳೇ ದಾರಿ ಇಲ್ಲ. ಆದರೂ ಕೂಜಾ ಗೆದ್ದ ಮೇಲೆ ಮಾಡಬಹುದಾಗಿತ್ತು."

ಇಲ್ಲಿ ಒಂದು ಮಾತು ಹೇಳಬೇಕು. ಕಚೇರಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಬೇಡದವನನ್ನು ಹೊಗಳಬೇಕು, ಆಗ ಬೇರೆಯವರು ಕೊಂಡೊಯ್ಯುತ್ತಾರೆ. ಬೇಕಾದವನನ್ನು ಸಾಧಾರಣ ಎಂದು ಬರೆಯಬೇಕು, ಆಗ ಯಾರೂ ಮುಟ್ಟುವುದಿಲ್ಲ. ಪಿರಿಯಾಪಟ್ಟಣದವರು ತಮ್ಮ ಒಳ್ಳೆಯ ಆಟಗಾರನನ್ನು ಕಿವಿ ಸ್ವಲ್ಪ ಮಂದ ಎಂದು ಬರೆದು ಬರೆದೇ ವರ್ಷಾನುಗಟ್ಟಲೆ ಉಳಿಸಿಕೊಂಡಿದ್ದರು. ಅಷ್ಟು ವರ್ಷ ಕಾಗದ ಬರೆದ ನನಗೆ ಇದು ತಿಳಿಯದೆ ಹೋಯಿತೇ ಎಂದರೆ, ತಿಳಿದಿತ್ತು. ಆದರೆ ಆಟವನ್ನು ಬರೆಯುತ್ತ ಬರೆಯುತ್ತ ನಾನು ಶಿರಸ್ತೇದಾರನಾಗಿ ಉಳಿದಿರಲಿಲ್ಲ.

ನಾನು ಬೇಕೆಂದೇ ಹೀಗೆ ಮಾಡಿದೆ ಎಂದು ಇಡೀ ಕಚೇರಿ ನಂಬಿತು. ಜವರಪ್ಪನೂ ನಂಬಿದ. ಗಾಡಿಗೆ ಸಾಮಾನು ಹೇರಿ, ಹೆಂಡತಿಯನ್ನು ಹುಲ್ಲಿನ ಮೇಲೆ ಕೂರಿಸಿ, ದಫ್ತರದ ಬೀಗದ ಕೈ ಕೊಡಲು ನನ್ನ ಮನೆಯ ಬಾಗಿಲಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

"ನನ್ ಕೆಲ್ಸ ಸರಿಯಿಲ್ಲ ಅಂತ ನಂಗೂ ಗೊತ್ತು ಸ್ವಾಮಿ," ಎಂದ. "ನನ್ ಮ್ಯಾಲೆ ಅಷ್ಟು ಸಿಟ್ಟಿದ್ರೆ ಎದುರಿಗೆ ಬೈಬೋದಿತ್ತು. ಎರಡೇಟು ಹೊಡುದ್ರೂ ಹಿರೀಕರು ಅಂತ ತಡ್ಕತಿದ್ದೆ. ಇಂಗೆ ಒಗಳಿ ಕಾಡಿಗೆ ಅಟ್ಬಾರ್ದಿತ್ತು."

"ಜವರಪ್ಪ, ನಾನು ನಿನ್ನನ್ನು ಉಳಿಸಿಕೊಳ್ಳಲೆಂದೇ..."

"ಬುಡಿ ಸ್ವಾಮಿ. ಇಂಗೆ ಉಳುಸ್ಕಳೋರು ಇನ್ನಿಬ್ರು ಇದ್ದಿದ್ರೆ ನಾನು ಕಾಶಿಗೇ ಓಗ್ಬೇಕಾಗಿತ್ತು."

ಗಾಡಿ ಹೋಯಿತು. ಕರಡು ತೋರಿಸಬಹುದಿತ್ತು. ಆದರೆ ಆ ಕರಡು ಯಾರಾದರೂ ಮೇಲಿನವರ ಕೈಗೆ ಬಿದ್ದರೆ ಸುಳ್ಳು ವರದಿ ಬರೆದವನೆಂದು ನನ್ನ ಕೆಲಸ ಹೋಗುತ್ತಿತ್ತು. ಹೆದರಿದೆ. ಬಾಗಿಲು ಹಾಕಿಕೊಂಡೆ. ಪಾರ್ವತಮ್ಮ ಚಳಿಜ್ವರಕ್ಕೆ ಕೊಡುವ ಕೊಯಿನಾ ಮಾತ್ರೆಯ ಒಂದು ಪೊಟ್ಟಣವನ್ನು ಗಾಡಿ ತಿರುವು ದಾಟುವುದರೊಳಗೆ ಓಡಿಹೋಗಿ ಆ ಹುಡುಗಿಯ ಕೈಗೆ ಕೊಟ್ಟು ಬಂದಳು. ನನಗೆ ಅದೂ ಹೊಳೆದಿರಲಿಲ್ಲ.

ಬದಲಿಗೆ ಕೋಟೆಯಿಂದ ಬಂದವನು ಶಾಮಣ್ಣ, ಅಲ್ಲಿ ಖಜಾನೆಯ ಲೆಕ್ಕ ಬರೆಯುತ್ತಿದ್ದವನು. ಅವನ ಬಗ್ಗೆ ಕೋಟೆಯವರು ಬರೆದ ಹೊಗಳಿಕೆ ಓದಿ ನಾನು ಅಯ್ಯೋ ಎಂದುಕೊಂಡಿದ್ದೆ. ಆದರೆ ಅದು ನಿಜವಾಗಿತ್ತು! ಒಂದೇ ತಿಂಗಳಿಗೆ ದಫ್ತರ ಕನ್ನಡಿಯಂತಾಯಿತು. ಕೆರೆ ಕೇಳಿದರೆ ಕೆರೆ, ಗೋಮಾಳ ಕೇಳಿದರೆ ಗೋಮಾಳ. ಗಂಟೆಗೆ ಸರಿಯಾಗಿ ಬರುವುದು, ಗಂಟೆಗೆ ಸರಿಯಾಗಿ ಹೋಗುವುದು. ಎಲ್ಲ ರೀತಿಯಿಂದಲೂ ನನ್ನಂಥವನೇ. ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಜವರಪ್ಪನ ಜಾಗದಲ್ಲಿ ಅವನನ್ನು ಬಲೆಯ ಬಳಿ ನಿಲ್ಲಿಸಿದರೆ, ಚೆಂಡು ಬಂದಾಗ ಹಿಂದೆ ತಿರುಗಿ, "ಇದು ನನ್ನ ವ್ಯಾಪ್ತಿಗೆ ಬರುತ್ತದೋ, ತಮ್ಮ ವ್ಯಾಪ್ತಿಗೋ?" ಎಂದು ಅಮಲ್ದಾರರನ್ನು ಕೇಳುತ್ತಿದ್ದ. ಅಮಲ್ದಾರರು ಯೋಚಿಸುತ್ತಿದ್ದರು. ಅಷ್ಟರಲ್ಲಿ ಚೆಂಡು ಯಾರ ವ್ಯಾಪ್ತಿಗೂ ಬಾರದೆ ನೆಲದ ಮೇಲಿರುತ್ತಿತ್ತು.

ಅಂಥ ತಂಡವೂ ಆ ಕಾರ್ತಿಕದಲ್ಲಿ ಕೊನೆಯ ಪಂದ್ಯಕ್ಕೆ ಬಂದಿತು. ಪಿರಿಯಾಪಟ್ಟಣದವರು ಬರುವ ದಾರಿಯಲ್ಲಿ ಬಸ್ಸು ಕೆಟ್ಟು, ನಮಗೆ ಆಡದೆ ಗೆಲುವು ಸಿಕ್ಕಿತ್ತು. ಕೋಟೆಯವರೋ ಕೃಷ್ಣರಾಜನಗರದ ಉದ್ದನೆಯವನನ್ನು ಮಲಗಿಸಿಯೇ ಬಂದಿದ್ದರು. ಪಂದ್ಯ ನಮ್ಮ ಹುಣಸೂರಿನಲ್ಲಿ. ಮೂರು ಗಂಟೆಗೆ ನಾನೇ ಸುಣ್ಣದ ಗೆರೆ ಎಳೆದೆ. ನಾಲ್ಕೂವರೆಗೆ ಕೋಟೆಯವರು ಬಂದರು. ಜವರಪ್ಪ ಸ್ವಲ್ಪ ಇಳಿದಿದ್ದ, ಕಪ್ಪಾಗಿದ್ದ. ಹೆಂಡತಿ ಹೇಗಿದ್ದಾಳೆಂದು ನಾನು ಕೇಳುವ ಮೊದಲೇ ಪಾರ್ವತಮ್ಮ ಬೇಲಿಯ ಆಚೆಯಿಂದ ಕೇಳಿದಳು.

"ಗಂಡು ಮಗ ಅವ್ವಾ. ಇಬ್ರೂ ಸೆಂದಾಗವ್ರೆ. ಕ್ವಾಟೆ ನೀರು ಅವುಳ್ಗೆ ಒಗ್ಗೋಗದೆ," ಎಂದ ಜವರಪ್ಪ. ನನ್ನ ಕಡೆ ನೋಡಲಿಲ್ಲ.

ಆಟ ಹೇಗೆ ನಡೆಯಿತೆಂದು ಪೂರ್ತಿ ಬರೆದರೆ ನನಗೆ ಈಗಲೂ ಬೆವರುತ್ತದೆ. ಶಾಮಣ್ಣ ಅಂದು ಯಾರನ್ನೂ ಏನೂ ಕೇಳದೆ ಹೊಡೆದ. ಆವೇಶ ಬಂದವನಂತೆ. ಎರಡು ಕಡೆಯೂ ಸಮ ಸಮ. ಬೆಳಕು ಕಂದುತ್ತಿತ್ತು. ಇನ್ನೊಂದೇ ಹೊಡೆತಕ್ಕೆ ಕೂಜಾ ಯಾರದೆಂದು ತೀರ್ಮಾನವಾಗಬೇಕು. ಜವರಪ್ಪ ಎಡಗೈ ಎತ್ತಿದ. ಚೆಂಡು ಅಮಲ್ದಾರರ ಎಡಮೂಲೆಗೆ ಹೋಯಿತು. ಗೆರೆಯ ಅಂಚಿಗೆ ಬಿತ್ತು. ಬಿದ್ದ ಜಾಗದಲ್ಲಿ ಒಂದು ಚಿಟಿಕೆ ಸುಣ್ಣದ ಪುಡಿ ಎದ್ದಿತು.

"ಹೊರಗೆ ಅಲ್ಲವೇ, ಶಿರಸ್ತೇದಾರ್ರೇ?"

ಹುಣಸೂರು ಪೂರಾ ನನ್ನ ಬಾಯಿ ನೋಡುತ್ತಿತ್ತು. ಆ ಸುಣ್ಣ ನಾನು ಕಲಸಿದ್ದು, ಆ ಗೆರೆ ನಾನು ಎಳೆದದ್ದು. ಬೇರೆ ಯಾರೂ ಪುಡಿ ಕಂಡಿರಲಾರರು.

"ಒಳಗೆ, ಸ್ವಾಮಿ," ಎಂದೆ.

ಕೋಟೆಯವರು ಕುಣಿದರು. ನಮ್ಮವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಮುದ್ದಯ್ಯ ಮಾತ್ರ ಬಾಯಿಬಿಟ್ಟು ಹೇಳಿದ, "ಮೊದ್ಲು ಜವರಪ್ಪೋರ್ನ ಕಳುಸುದ್ರಿ. ಅವ್ರು ಒಬ್ರೇ ಬ್ಯಾಸ್ರ ಮಾಡ್ಕತಾರೆ ಅಂತ ಈಗ ಕೂಜಾನೂ ಕಳುಸುದ್ರಾ?"

ಜವರಪ್ಪ ಕೂಜಾದಿಂದ ನೀರು ಕುಡಿದು ಬೇಲಿಯ ಬಳಿ ಒಬ್ಬನೇ ನಿಂತಿದ್ದ. ನಾನು ಕರಿಯ ಕೋಟಿನ ಜೇಬಿನಿಂದ ಕರಡು ತೆಗೆದೆ. ಬೆಳಿಗ್ಗೆಯೇ ಇಟ್ಟುಕೊಂಡು ಬಂದಿದ್ದೆ. ಕೊಡುವ ಧೈರ್ಯ ಆಗ ಬಂತು. ಅಷ್ಟು ಜನರ ಬೈಗುಳ ತಿಂದ ಮೇಲೆ ಮನುಷ್ಯನಿಗೆ ಇನ್ನೇನು ಹೆದರಿಕೆ?

"ಇದನ್ನು ಓದು," ಎಂದೆ.

ಓದಿದ. ತುಟಿ ಅಲ್ಲಾಡಿಸುತ್ತ ಓದುವುದು ಅವನ ರೂಢಿ. ಹೊಡೆದ ಮಾತುಗಳನ್ನು ಬೆರಳಿಟ್ಟು ಓದಿದ. ಚೆಂಡು, ಕಾಗದ. ಬಲೆ, ದಫ್ತರ. ಎದುರಾಳಿ, ಅರ್ಜಿದಾರ. ಎರಡನೆಯ ಸಲ ಓದುವಾಗ ಅವನ ಹೊಟ್ಟೆ ಕುಣಿಯತೊಡಗಿತು. ಆಮೇಲೆ ಬೇಲಿಯ ಗೂಟ ಹಿಡಿದುಕೊಂಡು ನಕ್ಕ.

"ಅಯ್ಯೋ ನನ್ನಪ್ಪಾ! ಇಷ್ಟು ದೊಡ್ಡೋರು, ಇಷ್ಟು ಓದಿರೋರು, ಇದೇನ್ ಸ್ವಾಮಿ ಇಂಗ್ ಮಾಡುದ್ರಿ? ನಮ್ಮೂರ ದನ ಕಾಯೋನ್ನ ಕೇಳಿದ್ರೂ ಹೇಳೋನು, ಮನೇಲಿ ಉಳೀಬೇಕಾದ ಹಸೀನ ಸಂತೇಲಿ ಒಗಳ್ಬಾರ್ದು ಅಂತ."

"ತಪ್ಪಾಯಿತು," ಎಂದೆ. ಕೆಳಗಿನ ನೌಕರನಿಗೆ ನಾನು ಆ ಮಾತು ಹೇಳಿದ್ದು ಅದೊಂದೇ ಸಲ.

ಅವನು ಕಾಗದ ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ. "ಕೊಡು, ಅದು ಕಡತಕ್ಕೆ ಸೇರಬೇಕಾದ್ದು," ಎಂದೆ. "ನಿನ್ನ ಹತ್ತಿರ ಇದ್ದರೆ ನನ್ನ ಕುತ್ತಿಗೆ ನಿನ್ನ ಕೈಯಲ್ಲಿದ್ದ ಹಾಗೆ."

"ಇರ್ಲಿ ಬುಡಿ. ನನ್ನ ಬಗ್ಗೆ ಯಾರೂ ಇಷ್ಟು ಸೆಂದಾಗಿ ಬರ್ದಿಲ್ಲ, ಮುಂದೂ ಬರ್ಯಾಕಿಲ್ಲ. ಬದಲಿ ಇಲ್ದೆ ಬುಡ್ಬಾರ್ದು ಅಂತ ನೀವೇ ಏಳ್ತಿದ್ರಿ. ತಕಳಿ ಬದಲಿ." ಗೆರೆಯ ಸುಣ್ಣ ಹತ್ತಿದ ಆ ಹಳದಿ ಚೆಂಡನ್ನು ನನ್ನ ಕೈಗೆ ಹಾಕಿದ. "ನಾನ್ ಉಣ್ಸೂರ್ಗೆ ವಾಪಸ್ ಬಂದ್ ದಿನ ಕಾಗ್ದ ಕೊಟ್ಟು ಚೆಂಡು ಈಸ್ಕತೀನಿ."

ವಾಪಸು ಬರಲಿಲ್ಲ. ಎಷ್ಟೋ ಸಲ ಅರ್ಜಿ ಹಾಕಿದ. ಕೋಟೆಯವರು ಬಿಡುವರೇ? ಇನ್ನೊಂದು ಕಾರಣವನ್ನು ನಾನು ಆಮೇಲೆ ಕೇಳಿ ತಿಳಿದೆ. ಕಚೇರಿಗಳಲ್ಲಿ ಒಬ್ಬನ ಬಗ್ಗೆ ವರದಿ ಬರೆಯುವಾಗ ಹಿಂದಿನ ವರ್ಷದ್ದನ್ನು ನೋಡಿ ಬರೆಯುವುದು ವಾಡಿಕೆ. ನನ್ನ ವರದಿಯ ಮಾತುಗಳನ್ನೇ ಕೋಟೆಯವರು ಒಂದು ವರ್ಷ ಬರೆದರು, ಅದನ್ನು ನೋಡಿ ಮುಂದಿನ ವರ್ಷದವರು ಬರೆದರು. 'ಎಂಥ ಕಷ್ಟದ ಕಾಗದ ಬಂದರೂ ಬಾಕಿ ಬೀಳಗೊಡುವುದಿಲ್ಲ.' ಹೀಗೆ ನನ್ನ ಬ್ಯಾಡ್ಮಿಂಟನ್ ವರ್ಣನೆಯ ಮೇಲೆ ಜವರಪ್ಪ ಮೆಟ್ಟಿಲು ಮೆಟ್ಟಿಲಾಗಿ ಬಡ್ತಿ ಹತ್ತಿದ. ನಾನು ನಿವೃತ್ತನಾದ ವರ್ಷ ಅವನು ಕೋಟೆಯಲ್ಲಿ ಶಿರಸ್ತೇದಾರನಾದ. ಆ ಊರಿನ ದಫ್ತರದ ಗತಿ ಏನಾಯಿತೋ ನಾನು ವಿಚಾರಿಸಲಿಲ್ಲ.

ಇಷ್ಟೆಲ್ಲ ನೆನೆದು, ತಲೆ ಒರೆಸಿಕೊಂಡು, ಚೆಂಡನ್ನು ಇಟ್ಟುಕೊಳ್ಳುವುದೆಂದು ತೀರ್ಮಾನ ಮಾಡಿ ಬಚ್ಚಲಿಂದ ಹೊರಗೆ ಬಂದಾಗ ಒಂಬತ್ತೂಕಾಲು. ಪಾರ್ವತಮ್ಮನ ತೊಡೆಯ ಮೇಲೆ ಕಿವಿಟೋಪಿ, ಅದಕ್ಕೆ ಅರ್ಧ ಹೆಣೆದ ಹಳದಿ ಎಡಗಿವಿ. ಪಕ್ಕದಲ್ಲಿ ಅಡಿಕೆಯಷ್ಟು ಚಿಕ್ಕದಾದ ಚೆಂಡು.

"ಯೋಚಿಸಿ ಹೇಳುತ್ತೇನೆಂದಿದ್ದೆನಲ್ಲ!"

"ಒಂದೂಕಾಲು ಗಂಟೆ ಬಚ್ಚಲಲ್ಲಿದ್ದಿರಿ. ನಿಮ್ಮ ಹಾಗೆ ನಿಯಮದವರು ಅಷ್ಟು ಹೊತ್ತು ಬರದಿದ್ದರೆ ಒಪ್ಪಿಗೆ ಎಂದೇ ನಾನು ತಿಳಿದೆ."

ಹೋದದ್ದು ಹೋಯಿತು. ನಿವೃತ್ತನಾದವನಿಗೆ ಚೆಂಡಿಗಿಂತ ಕಿವಿ ಮುಖ್ಯ ಎಂದು ಸಮಾಧಾನ ಮಾಡಿಕೊಂಡು ಉಳಿದ ಸಾಮಾನು ಕೊಡವಿದೆ.

ನಾಲ್ಕು ಗಂಟೆಗೆ ಮುದ್ದಯ್ಯ ಬಂದ. ಅವನಿಗೂ ನಿವೃತ್ತಿಯಾಗಿದೆ. ಆದರೆ ಅಕ್ಕನ ಮಗ ಅದೇ ಕಚೇರಿಯಲ್ಲಿ ಜವಾನ. ಆದ್ದರಿಂದ ಟಪ್ಪಾಲಿನ ಸುದ್ದಿ ಈಗಲೂ ಪ್ರತಿ ಭಾನುವಾರ ನಾಲ್ಕಕ್ಕೆ ನನಗೆ ತಲುಪುತ್ತದೆ. ಜಗಲಿಯ ಮೇಲೆ ಕುಳಿತು, ಕೊಡೆಯ ನೀರು ಕೊಡವಿ, ಕಾಫಿ ಬರುವವರೆಗೆ ಅವನು ಬಾಯಿ ಬಿಡುವುದಿಲ್ಲ.

"ಯಾರು ಹೋದರು?" ಎಂದೆ.

"ಈಗಿರೋ ಶಿರಸ್ತೇದಾರ್ರು. ಕ್ವಾಟೆಗೆ."

"ಒಳ್ಳೆಯ ಕೆಲಸಗಾರ. ಹಿಂದಿನ ಸಾಲಿನಲ್ಲೂ ಪರವಾಗಿಲ್ಲ. ಬದಲಿಗೆ ಯಾರು?"

ಮುದ್ದಯ್ಯ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಪಾರ್ವತಮ್ಮನೇ ಹೆಣಿಗೆ ನಿಲ್ಲಿಸಿ ನೋಡಿದಳು.

"ಜವರಪ್ಪೋರು ಬತ್ತಾವ್ರೆ ಸ್ವಾಮಿ."

ನಾನು ಎದ್ದು ನಿಂತೆನಂತೆ. ಮುದ್ದಯ್ಯನೇ ಮುಂದುವರಿಸಿದ. "ಕ್ವಾಟೆ ಬಸ್ಸಿನ ಡ್ರೈವರ್ ಕೈಲಿ ಏಳಿ ಕಳ್ಸವ್ರೆ. ಕಾಗ್ದ ಜೋಪಾನವಾಗೈತೆ, ತತ್ತೀನಿ, ಚೆಂಡು ಮಡಗವ್ರಾ ಕೇಳು ಅಂತ. ಒಟ್ಟೆ ಬಂದದಂತೆ ಕಣ್ರೀ. ಆದ್ರೆ ಎಡಗೈ ಅಂಗೇ ಅದಂತೆ."

ನಿಜ ಹೇಳುತ್ತೇನೆ, ಮೊದಲು ಹೆದರಿದೆ. ಶಾಮಣ್ಣ ಕನ್ನಡಿಯಂತೆ ಮಾಡಿದ ದಫ್ತರ, ನಾನು ಅಷ್ಟು ವರ್ಷ ಒಂದೊಂದಾಗಿ ಜೋಡಿಸಿದ ಕಡತಗಳು, ಅವಕ್ಕೆಲ್ಲ ಜವರಪ್ಪ ಯಜಮಾನ! ಕೆರೆಯೆಲ್ಲ ಗೋಮಾಳವಾಗುತ್ತದೆ, ಗೋಮಾಳವೆಲ್ಲ ಕಿಟಕಿಯ ಮೇಲೆ ಹೋಗುತ್ತದೆ. ಆದರೆ ದಸರಾ ಕಳೆದ ಮೇಲಿನ ಸಂಜೆ ಐದೂವರೆ ಕಣ್ಣಿಗೆ ಬಂತು. ಕೂಜಾ ಈಗ ಯಾವ ಊರಿನಲ್ಲಿದೆ ಎಂದು ಕೇಳಿದೆ.

"ಕ್ವಾಟೇಲೇ. ಇನ್ನೆಲ್ಲೋದಾತು?"

ಪಾರ್ವತಮ್ಮ ನನ್ನ ಮುಖ ನೋಡಿದಳು, ತೊಡೆಯ ಮೇಲಿನ ಟೋಪಿ ನೋಡಿದಳು. ಹಳದಿ ಕಿವಿ ಅಷ್ಟು ಹೊತ್ತಿಗೆ ಪೂರ್ತಿಯಾಗಿ ಗಂಟು ಹಾಕುವುದೊಂದೇ ಬಾಕಿಯಿತ್ತು. ಕಡ್ಡಿ ತೆಗೆದು ಎಳೆ ಎಳೆದಳು. ಇಡೀ ದಿನದ ಕೆಲಸ ಸರ್ರನೆ ಬಿಚ್ಚಿಕೊಂಡಿತು.

"ಕೈ ಚಾಚಿ," ಎಂದಳು. ಚಾಚಿದೆ. ದಾರವನ್ನು ನನ್ನ ಎರಡು ಕೈಗೆ ಸುತ್ತಿ, ಮುದ್ದಯ್ಯನಿಗೆ ಕಡಲೆಯಷ್ಟು ಉಳಿದಿದ್ದ ಚೆಂಡು ಕೊಟ್ಟು ಸುತ್ತು ಎಂದಳು. ಅವನು ಸಡಿಲವಾಗಿ ಸುತ್ತಿದ. ಬಿಚ್ಚಿಸಿ ಮತ್ತೆ ತಾನೇ ಬಿಗಿಯಾಗಿ ಸುತ್ತಿದಳು. ಹೊರಗೆ ಮಳೆ ಜೋರಾಯಿತು. ಚೆಂಡು ಮೊದಲಿನಷ್ಟು ಗುಂಡಗೆ ಬರಲಿಲ್ಲ, ಒಂದು ಕಡೆ ಉಬ್ಬಿದೆ. ಜವರಪ್ಪನಿಗೂ ಹೊಟ್ಟೆ ಬಂದಿದೆಯಂತೆ, ಸರಿಹೋಗುತ್ತದೆ ಎಂದ ಮುದ್ದಯ್ಯ.

ಆರು ಗಂಟೆ ಹತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ದಾರದ ತುದಿಯನ್ನು ಪಾರ್ವತಮ್ಮ ಸೂಜಿಯಿಂದ ಒಳಗೆ ಸಿಕ್ಕಿಸಿದಳು. ಒಂದೇ ಕಿವಿಯ ಟೋಪಿ ಹಾಕಿಕೊಂಡು ನಾನು ಪೇಟ, ಕೋಟು ಎಲ್ಲವನ್ನೂ ಇದ್ದ ಜಾಗದಲ್ಲಿಟ್ಟು ಟ್ರಂಕಿಗೆ ಬೀಗ ಹಾಕಿದೆ. ಚೆಂಡನ್ನು ಮಾತ್ರ ಹೊರಗೆ, ಕೈಗೆ ಸಿಗುವ ಗೂಡಿನಲ್ಲಿ ಇಟ್ಟೆ.